ಕೇಳಿಯೇ ಮುಟ್ಟುವ ಕೈ

"ತಲೆ ಕೊಡ್ತೀರಾ ಅಕ್ಕಾ?"

ಎಣ್ಣೆ ಬಟ್ಟಲು ಹಿಡಿದ ಆಯಾ ಹೀಗೆ ಕೇಳಿ ಕಾಯುತ್ತಾರೆ. ಮಂಚದ ಮೇಲಿನ ಹೆಂಗಸು ಕಣ್ಣು ತೆರೆಯುವುದಿಲ್ಲ, ದಿಂಬಿನಿಂದ ತಲೆಯನ್ನಷ್ಟೇ ಒಂದಿಷ್ಟು ಎತ್ತುತ್ತಾಳೆ. ಅದು ಒಪ್ಪಿಗೆ. ಅಂಗೈಯಲ್ಲಿ ಬೆಚ್ಚಗಾದ ಎಣ್ಣೆ ನೆತ್ತಿಗೆ ಇಳಿಯುತ್ತದೆ. ಬಾಚಲು ಕೂದಲಿಲ್ಲ. ಇರುವುದೆಲ್ಲ ಅಕ್ಕಿಕಾಳಿನುದ್ದದ ಮೊಳಕೆ. ಕಿಟಕಿಯ ಜಾಲರಿಯಾಚೆ ಇನ್ನೂ ಬೆಳಕು ಹರಿದಿಲ್ಲ. ಪಕ್ಕದ ಮಂಚಕ್ಕೆ ಹೋಗುತ್ತಾರೆ. ಮತ್ತೆ ಅದೇ ಪ್ರಶ್ನೆ, ಮತ್ತೆ ಕಾಯುವುದು.

ಮಾನಸಿಕ ಆಸ್ಪತ್ರೆಯ ಈ ವಾರ್ಡಿನಲ್ಲಿರುವ ಹೆಂಗಸರು ವರ್ಷಗಟ್ಟಲೆಯಿಂದ ಇಲ್ಲೇ ಇದ್ದಾರೆ. ಕಾಯಿಲೆ ಹತೋಟಿಗೆ ಬಂದಿದ್ದರೂ ಕರೆದೊಯ್ಯುವವರು ಬಂದಿಲ್ಲ. ಇವರೆಲ್ಲರ ಬಾಯಲ್ಲಿ ಈ ಆಯಾ 'ಜಡೆ ಆಯಾ'. ಆಸ್ಪತ್ರೆ ಅವರಿಗೆ ಒಪ್ಪಿಸಿರುವುದು ನೆಲ ಒರೆಸುವ, ಹಾಸಿಗೆಯ ಬಟ್ಟೆ ಬದಲಿಸುವ ಕೆಲಸ. ತಲೆ ಬಾಚು ಎಂದು ಯಾರೂ ಹೇಳಿದ್ದಲ್ಲ. ಪಾಳಿ ಶುರುವಾಗುವ ಮೊದಲೇ ಬಂದು ಒಬ್ಬೊಬ್ಬರ ಹಿಂದೆ ಕೂರುತ್ತಿದ್ದರು. ಕೂದಲನ್ನು ನಡುವೆ ಮುಷ್ಟಿಯಲ್ಲಿ ಬಿಗಿಹಿಡಿದು ತುದಿಯಿಂದ ಸಿಕ್ಕು ಬಿಡಿಸುವುದು ಅವರ ರೀತಿ. ಎಳೆತವೆಲ್ಲ ಮುಷ್ಟಿಗೆ, ನೆತ್ತಿಗೆ ಗೊತ್ತೇ ಆಗುವುದಿಲ್ಲ. ಯಾರಿಗೆ ನಡುಬೈತಲೆ, ಯಾರಿಗೆ ಓರೆಬೈತಲೆ, ಯಾರು ಜಡೆ ಹೆಣೆಯುವಾಗ ತಾಯಿಯನ್ನು ನೆನೆದು ಅಳುತ್ತಾರೆ, ಎಲ್ಲವೂ ಆ ಬೆರಳುಗಳಿಗೆ ಗೊತ್ತು.

"ಮನೇಲಿ ಮಗಳು ಆಡ್ಕೋತಾಳೆ," ಎಂದು ನಗುತ್ತಾರೆ. "'ನಮ್ಮಮ್ಮ ಊರಿಗೆಲ್ಲ ಎರಡು ಜಡೆ ಹಾಕ್ತಾಳೆ, ನನಗೆ ಮಾತ್ರ ರಬ್ಬರ್ ಬ್ಯಾಂಡು' ಅಂತ."

ಕೇಳಿ ಮುಟ್ಟುವುದನ್ನು ಕಲಿತದ್ದು ಮನೆಯಲ್ಲೇ. ಗೋಡೆಗೆ ಬಣ್ಣ ಬಳಿಯುತ್ತಿದ್ದ ಗಂಡ ಏಣಿಯಿಂದ ಬಿದ್ದು ಹಾಸಿಗೆ ಹಿಡಿದರು, ಮತ್ತೆ ಏಳಲಿಲ್ಲ. "ಬಂದೋರೆಲ್ಲ ಅವರನ್ನ ಹೊರಳಿಸೋರು, ಗುಂಡುಕಲ್ಲು ಹೊರಳಿಸಿದ ಹಾಗೆ. ನಾನೂ ಅಷ್ಟೇ. ಒಂದಿನ ಅಂದ್ರು, 'ಲೇ, ನಾನಿನ್ನೂ ಇದೀನಿ ಕಣೇ. ಒಂದು ಮಾತು ಕೇಳ್ಬಾರ್ದಾ?' ಅವತ್ತಿಂದ ಕೇಳ್ದೆ ಯಾರ ಮೈಗೂ ಕೈ ಹಾಕಿಲ್ಲ." ಎಣ್ಣೆ ಬಟ್ಟಲನ್ನು ಇನ್ನೊಂದು ಕೈಗೆ ದಾಟಿಸಿ, "ಹೋದ ತಿಂಗಳವರೆಗೆ" ಎಂದು ಸೇರಿಸುತ್ತಾರೆ.

ಹೋದ ತಿಂಗಳು ವಾರ್ಡಿಗೆ ಹೇನು ಬಂತು. ಒಬ್ಬರಿಂದ ಒಬ್ಬರಿಗೆ ಹತ್ತಿತು, ಕೆರೆದು ಹುಣ್ಣಾಯಿತು. ಎಲ್ಲರ ಕೂದಲನ್ನೂ ಮಷೀನಿನಲ್ಲಿ ಬೋಳಿಸಿಬಿಡಿ ಎಂದು ಮೇಲಿನಿಂದ ಹೇಳಿಕೆ ಬಂತು. ಹೇಳಿದವರು ಕೆಟ್ಟವರೇನಲ್ಲ. ಮನುಷ್ಯನಿಗಿಂತ ದೊಡ್ಡದು ಯಾವುದೂ ಇಲ್ಲ ಎಂಬ ಮಾತನ್ನು ಅವರೂ ಮನಸಾರೆ ಒಪ್ಪುತ್ತಾರೆ. ಆ ಮಾತನ್ನು ಒಪ್ಪದವರು ಈಗ ಯಾರಿದ್ದಾರೆ? ಆದರೆ ಒಂದೊಂದೇ ತಲೆಯ ಹೇನು ಹೆಕ್ಕುತ್ತ ಕೂರಲು ಜನ ಬೇಕು, ಪುರುಸೊತ್ತು ಬೇಕು. ಮಾನವತಾವಾದ ಬದುಕಿದೆಯೇ ಎಂಬ ಪ್ರಶ್ನೆ ಈ ವಾರ್ಡಿಗೆ ಬಂದದ್ದು ಹೀಗೆ, ಒಂದು ಹೇನಿನ ಬೆನ್ನೇರಿ.

ವಾರ್ಡಿನ ಸಿಸ್ಟರ್ ಆಯಾಳನ್ನು ಪಕ್ಕಕ್ಕೆ ಕರೆದರು. "ಹೊರಗಿನೋರು ಬಂದ್ರೆ ಕೈಕಾಲು ಹಿಡ್ಕೋಬೇಕಾಗುತ್ತೆ. ನೀನಾದ್ರೆ ಸುಮ್ನೆ ಕೂರ್ತಾರೆ. ನೀನೇ ಮಾಡಮ್ಮ."

ಆಯಾ ಯೋಚಿಸಿದರು. ಹೇಗೂ ಆಗುವ ಕೆಲಸ, ತನ್ನ ಕೈಯಲ್ಲಾದರೆ ನೋವು ಕಡಿಮೆ. ಮಷೀನು ತೆಗೆದುಕೊಂಡರು.

"ಒಬ್ಬರೂ ಕೂಗ್ಲಿಲ್ಲ. ಅದೇ ನನ್ನನ್ನ ತಿಂತಿರೋದು. ಬೇರೆಯೋರಿಗಾದ್ರೆ ಕಚ್ಚೋರು, ಒದೆಯೋರು. ಬೈತಲೆ ತೆಗೀತಾಳೆ ಅಂದ್ಕೊಂಡು ಬಂದು ಕೂತ್ಬಿಟ್ರು."

ಅವತ್ತು ಅವರನ್ನು ಕೇಳಿದಿರಾ ಎಂದರೆ,

"ಇಲ್ಲ." ಬಟ್ಟಲಿನ ಅಂಚಿಗೆ ಹತ್ತಿದ ಎಣ್ಣೆಯನ್ನು ಬೆರಳಿನಿಂದ ಒರೆಸುತ್ತಾರೆ. "ಕೇಳಿದ್ರೆ ಬೇಡ ಅಂತಿದ್ರಲ್ಲ."

ಹುಣ್ಣುಗಳು ಮಾಯ್ದಿವೆ. ವಾರ್ಡು ಚೊಕ್ಕಟವಾಗಿದೆ. ಹೆಚ್ಚಿನವರು ಮರೆತಿದ್ದಾರೆ, ಅಥವಾ ಮರೆತವರಂತೆ ತಲೆ ಎತ್ತಿಕೊಡುತ್ತಾರೆ. ಮರೆಯದವರು ಒಬ್ಬರು, ಕೊನೆಯ ಮಂಚದ ಟೀಚರಮ್ಮ. ಒಂದು ಕಾಲಕ್ಕೆ ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದವರು. ಸೊಂಟದವರೆಗೆ ನರೆತ ಕೂದಲಿತ್ತು. ದಿನವೂ ಅವರಿಗೂ ಆಯಾಗೂ ನಡೆಯುವ ಜಗಳ ಕೇಳಿಯೇ ವಾರ್ಡಿಗೆ ಎಚ್ಚರವಾಗುತ್ತಿತ್ತಂತೆ. "ಬೈತಲೆ ಸೊಟ್ಟ ಹೋಯ್ತು ನೋಡು, ನಿನಗೆ ಸೊನ್ನೆ." "ಸೊನ್ನೆನೇ ಕೊಡಿ ಟೀಚರಮ್ಮ, ನನ್ನ ಜನ್ಮದಲ್ಲಿ ಅದಕ್ಕಿಂತ ಜಾಸ್ತಿ ಬಂದಿದ್ದೇ ಇಲ್ಲ." ತಲೆ ಬೋಳಾದ ದಿನದಿಂದ ಟೀಚರಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಾರೆ. ಮಾತು ನಿಂತಿದ್ದಕ್ಕೆ ಮಾತ್ರೆ ಹೆಚ್ಚಾಗಿದೆ.

"ಬೈಯಲಿ, ಹೊಡೀಲಿ. ಒಂದು ಮಾತಾಡಿದ್ರೆ ಸಾಕು ನನಗೆ," ಎನ್ನುತ್ತಾರೆ ಆಯಾ. ಬೇರೆ ಆಸೆಯೇನಾದರೂ ಇದೆಯೇ ಎಂದರೆ ಇಲ್ಲವೆಂದು ತಲೆಯಾಡಿಸುತ್ತಾರೆ.

ಕಿಟಕಿಯಲ್ಲಿ ಬೆಳಕು ಮೂಡುವ ಹೊತ್ತಿಗೆ ಅವರು ಸಿಸ್ಟರ್ ಬಳಿ ಹೋಗಿ ಬೀರುವಿನಲ್ಲಿರುವ ಮಷೀನು ಕೇಳುತ್ತಾರೆ. ಯಾಕೆಂದು ಕೇಳಿದ್ದಕ್ಕೆ ಕಿವಿಯ ಹತ್ತಿರ ಏನೋ ಹೇಳುತ್ತಾರೆ.

"ನಿನಗೇನು ಹುಚ್ಚಾ?" ಎಂದ ಸಿಸ್ಟರ್, ನಿಂತ ಜಾಗ ನೆನಪಾಗಿ ನಾಲಗೆ ಕಚ್ಚಿಕೊಳ್ಳುತ್ತಾರೆ. ಕೊನೆಗೆ ಬೀರು ತೆಗೆಯುತ್ತಾರೆ, ಜೊತೆಗೆ ತಾವೂ ಬರುತ್ತಾರೆ.

ಟೀಚರಮ್ಮನ ಮಂಚದ ಪಕ್ಕದ ನೆಲದ ಮೇಲೆ ಆಯಾ ಕೂರುತ್ತಾರೆ. ತಮ್ಮ ತುರುಬು ಬಿಚ್ಚುತ್ತಾರೆ. ದಟ್ಟ ಕೂದಲು, ಬೆನ್ನು ತುಂಬ ಇಳಿಯುತ್ತದೆ. ಹಿಂದಕ್ಕೆ ಕೈ ಚಾಚಿ ಮಷೀನನ್ನು ಮಂಚದ ಅಂಚಿನ ಮೇಲಿಡುತ್ತಾರೆ.

"ಟೀಚರಮ್ಮ, ನನ್ನದೂ ತೆಗೆದ್ಬಿಡಿ. ನಾನಾಗೇ ಕೊಡ್ತಿದೀನಿ. ಲೆಕ್ಕ ಸರಿ ಹೋಗ್ಲಿ."

ಗೋಡೆಯ ಕಡೆಯಿದ್ದ ಮುಖ ನಿಧಾನವಾಗಿ ಈಚೆ ತಿರುಗುತ್ತದೆ. ಟೀಚರಮ್ಮ ಎದ್ದು ಕೂರುತ್ತಾರೆ. ಮಷೀನನ್ನು ನೋಡುತ್ತಾರೆ, ನೆಲದಲ್ಲಿ ಕೂತವಳ ನೆತ್ತಿಯನ್ನು ನೋಡುತ್ತಾರೆ. ಮೊಣಕೈಯಿಂದ ಮಷೀನನ್ನು ಸಿಸ್ಟರ್ ಕಡೆ ಸರಿಸುತ್ತಾರೆ. ಎಷ್ಟೋ ದಿನದಿಂದ ಬಳಸದ ದನಿ ಗೊಗ್ಗರಾಗಿದೆ.

"ನಾನು ಮಾಡಲ್ಲ. ಯಾರ ತಲೆಗೂ ಮಾಡಲ್ಲ."