ಸಿಂದಗಿಯಲ್ಲಿ ನಿಂತ ಗಾಡಿ

ಕಳೆದ ವಾರ ಇಲ್ಲಿ ಹಾಕಿದ ಬರಹದಲ್ಲಿ, ನಮ್ಮ ಮಾದರಿ ರೈಲು ಸಿಂದಗಿಯಲ್ಲಿ ಕೆಟ್ಟು ನಿಂತಿತು ಎಂದಿದ್ದೆ. ಅದು ತಪ್ಪು. ಗಾಡಿ ಕೆಟ್ಟಿರಲಿಲ್ಲ, ಅದನ್ನು ನಿಲ್ಲಿಸಲಾಗಿತ್ತು.

ವರದಿ ಚಿಕ್ಕದಾಗಲಿ ಎಂದು ಹಾಗೆ ಬರೆದೆ. ಚಿಕ್ಕದಾಯಿತು, ಸುಳ್ಳೂ ಆಯಿತು.

ಸಿಂದಗಿಯ ಭೀಮಣ್ಣನವರು ಅದನ್ನು ಓದಿ ಫೋನ್ ಮಾಡಿದರು. "ಮಾಸ್ತರ್ರ, ನನ್ನ ಹಳಿ ಮ್ಯಾಲ ಗಾಡಿ ಕೆಡಂಗಿಲ್ರಿ. ತಿದ್ದಿ ಬರೀರಿ."

ತಿದ್ದುತ್ತಿದ್ದೇನೆ.

ನಾವು ನಾಲ್ವರು ಸಣ್ಣ ರೈಲುಗಳ ಹವ್ಯಾಸಿಗಳು. ಒಬ್ಬೊಬ್ಬರೂ ಒಂದೊಂದು ಹಲಗೆಯ ಮೇಲೆ ಒಂದೊಂದು ಸ್ಟೇಶನ್ ಕಟ್ಟುತ್ತೇವೆ. ತಿಂಗಳಿಗೊಮ್ಮೆ ಬಸವನ ಬಾಗೇವಾಡಿಯ ವತ್ಸಲಾಬಾಯಿಯವರ ಪಡಸಾಲೆಯಲ್ಲಿ ಕೂಡಿ, ಹಲಗೆಗಳನ್ನು ಒಂದಕ್ಕೊಂದು ಜೋಡಿಸಿ, ಗೇಣುದ್ದದ ಡಬ್ಬಿಗಳ ಗಾಡಿಯನ್ನು ಊರಿಂದೂರಿಗೆ ಓಡಿಸುತ್ತೇವೆ.

ನಿಯಮಗಳನ್ನು ಬರೆದವನು ನಾನು. ಇಂಡಿ ಸ್ಟೇಶನ್ ನನ್ನದು, ಬಾಗೇವಾಡಿಯದು ವತ್ಸಲಾಬಾಯಿಯವರದು.

ಸ್ಟೇಶನ್ ಯಾರದೋ ಅವರೇ ಅದರ ಮಾಸ್ತರು. ಅವರು ಮುಂದಿನ ಸ್ಟೇಶನ್ನಿನಿಂದ ಲೈನ್ ಕ್ಲಿಯರ್, ಅಂದರೆ ಹಳಿ ಖಾಲಿ ಇದೆ ಎಂಬ ಒಪ್ಪಿಗೆ, ಕೇಳಿ ಪಡೆದು, ಸಿಗ್ನಲ್ಲಿನ ಕೈ ಇಳಿಸುವವರೆಗೆ ಗಾಡಿ ಕದಲಬಾರದು. ಒಂದೇ ಮೇಜಿನ ಸುತ್ತ ಕುಳಿತಿದ್ದರೂ ಬಾಯಿಬಿಟ್ಟು ಕೇಳಲೇಬೇಕು. ಗಾಡಿಯನ್ನು ಯಾರೂ ಕೈಯಿಂದ ಮುಟ್ಟುವಂತಿಲ್ಲ.

ಇನ್ನೊಂದು ನಿಯಮವಿತ್ತು: ರೈಲಿಲ್ಲದ ಊರಿಗೆ ಸ್ಟೇಶನ್ ಕಟ್ಟಬಾರದು.

ಆ ನಿಯಮದಿಂದಾಗಿಯೇ ಮುದ್ದೇಬಿಹಾಳದ ಸಂಗಪ್ಪ, ಮೋಟಾರು ವೈಂಡಿಂಗ್ ಅಂಗಡಿಯವರು, ತಮ್ಮ ಊರನ್ನು ಬಿಟ್ಟು ಆಲಮಟ್ಟಿ ಕಟ್ಟಿದರು. ಭೀಮಣ್ಣನವರು ಹಲಗೆಯೇ ಇಲ್ಲದೆ ಬಂದು, ನೋಡಿ, ಚಹಾ ಕುಡಿದು ಹೋಗುತ್ತಿದ್ದರು. ಅವರು ನಿವೃತ್ತ ಬಸ್ ಕಂಡಕ್ಟರ್.

ಈ ಸಲ ಅವರು ಹಲಗೆಯನ್ನು ಹಳೆಯ ಕೌದಿಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದರು. ಬಿಚ್ಚಿದರೆ... ಸಿಂದಗಿ ಸ್ಟೇಶನ್.

ಸೈಕಲ್ ಕಡ್ಡಿಯ ಸಿಗ್ನಲ್, ಹಂಚಿನ ಚೂರುಗಳ ಪ್ಲಾಟ್‌ಫಾರ್ಮ್, ಹಳದಿ ಫಲಕ. ಗೇಟಿನ ಹತ್ತಿರ ತಲೆಯ ಮೇಲೆ ಗಂಟು ಹೊತ್ತ ಒಬ್ಬ ಮುದುಕಿ, ಬೆರಳ ತುದಿಯಷ್ಟು ಎತ್ತರ.

ನಾನು ಆಕ್ಷೇಪಿಸಿದೆ. ಸಿಂದಗಿಗೆ ರೈಲು ಬರುತ್ತದೆ ಎಂಬ ಮಾತು ಬಹಳ ದಿನಗಳಿಂದ ಇದೆ, ಹಳಿ ಇಲ್ಲ.

ಸಂಗಪ್ಪ ಬಿಡಲಿಲ್ಲ. "ನನಗ ಆಲಮಟ್ಟಿ ಮಾಡಂದ್ರಿ, ಮಾಡೀನಿ. ಇವರಿಗಷ್ಟ ಬ್ಯಾರೆ ಕಾನೂನ ಏನ್ರಿ?"

ವತ್ಸಲಾಬಾಯಿ ರಾಜಿ ಮಾಡಿಸಿದರು. ಒಂದು ಓಟ. ವೇಳಾಪಟ್ಟಿಯಂತೆ ಗಾಡಿ ಸಿಂದಗಿ ದಾಟಿದರೆ ಹಲಗೆ ಉಳಿಯುತ್ತದೆ. ಇಲ್ಲವಾದರೆ ಕೌದಿಯೊಳಗೆ ಮರಳುತ್ತದೆ. ಭೀಮಣ್ಣನವರು ಒಪ್ಪಿದರು. ಗಡಿಯಾರ ನನ್ನ ಕೈಯಲ್ಲಿತ್ತು.

ಇಂಡಿಯಿಂದ ಗಾಡಿಯನ್ನು ನಾನೇ ಕಳುಹಿಸಿದೆ. ಅದು ಹಲಗೆಗಳ ಸಂದನ್ನು ಸದ್ದಿಲ್ಲದೆ ದಾಟಿ, ಸಿಂದಗಿಯಲ್ಲಿ ಅಳೆದಿಟ್ಟಂತೆ ನಿಂತಿತು. ಒಳ್ಳೆಯ ಕೆಲಸ, ಅದನ್ನು ಒಪ್ಪಬೇಕು.

ನಿಲುಗಡೆಯ ವೇಳೆ ಮುಗಿಯುತ್ತದೆ. ಗಾಡಿ ಹೊರಡುವುದಿಲ್ಲ.

ಸಂಗಪ್ಪ ಟೆಸ್ಟರ್ ಹಿಡಿದು ಮೇಜಿನ ಕೆಳಗೆ ನುಸುಳುತ್ತಾರೆ. "ಕರೆಂಟ್ ಬರಾಕತ್ತೈತ್ರಿ," ಎಂದು ಅಲ್ಲಿಂದಲೇ ಕೂಗುತ್ತಾರೆ.

ಭೀಮಣ್ಣನವರ ಬೆರಳು ಸಿಗ್ನಲ್ಲಿನ ತಂತಿಯ ಮೇಲಿದೆ. ಎಳೆಯುತ್ತಿಲ್ಲ.

"ಅಹೋ ಭೀಮಣ್ಣ, ಸಿಗ್ನಲ್ ಯಾಕ ಬಿಡವಲ್ರಿ?" ಎಂದರು ವತ್ಸಲಾಬಾಯಿ. "ಇಂಡಿ ಮಾಸ್ತರ ಮಾರಿ ನೋಡ್ರಿ, ಕೆಂಪ ದೀಪ ಆಗೇತಿ."

"ಆಯಿ ಇನ್ನೂ ಹತ್ತಿಲ್ರಿ."

ಎಲ್ಲರೂ ಗೇಟಿನ ಕಡೆ, ಆ ಮುದುಕಿಯತ್ತ ನೋಡಿದೆವು.

"ಆಕೀನ ಗೋಂದ ಹಚ್ಚಿ ನಿಂದ್ರಿಸಿದವ್ರು ನೀವ," ಎಂದರು ಸಂಗಪ್ಪ. "ನಾಳಿಗೂ ಹತ್ತಂಗಿಲ್ಲ ಬಿಡ್ರಿ."

ಭೀಮಣ್ಣನವರು ನಗಲಿಲ್ಲ. "ಓಡಿ ಬರೋರ್ನ ಬಿಟ್ಟು ನಾ ಎಂದೂ ಗಾಡಿ ಬಿಟ್ಟಿಲ್ರಿ. ನಮ್ಮೂರ ಮಂದೀನ ಇಂಡಿ ಸ್ಟೇಶನ್ನಿಗೆ ಒಯ್ದು ಮುಟ್ಟಸಾಂವ ನಾನ. ರೈಲು ತಪ್ಪಿಸಿಕೊಂಡವ್ರನ್ನ ತಿರುಗಿ ಕರಕೊಂಡ ಬರಾಂವನೂ ನಾನ. ಇವತ್ತ ಗಾಡಿ ನಮ್ಮೂರಿಗೇ ಬಂದೈತಿ."

"ವ್ಯಾಳ್ಯಾ ಮೀರೇತಿ, ಭೀಮಣ್ಣ," ಎಂದೆ. "ಹಲಗಿ ಉಳಿಯಂಗಿಲ್ಲ."

"ಗೊತ್ತೈತ್ರಿ," ಎಂದರು. ಬೆರಳು ಕದಲಲಿಲ್ಲ.

ಅವರ ಸಿಗ್ನಲ್ಲನ್ನು ಬೇರೆ ಯಾರೂ ಇಳಿಸುವಂತಿಲ್ಲ. ಗಾಡಿಯನ್ನು ಮುಟ್ಟುವಂತಿಲ್ಲ. ಎರಡೂ ನನ್ನ ನಿಯಮಗಳೇ. ಅವು ಇಷ್ಟು ಗಟ್ಟಿಯಾಗಿವೆ ಎಂದು ನನಗೂ ತಿಳಿದಿರಲಿಲ್ಲ.

ನಿಯಮವನ್ನು ಮನಸ್ಸಿನಲ್ಲಿಯೇ ಇನ್ನೊಮ್ಮೆ ಓದಿಕೊಂಡೆ. ಗಾಡಿಯನ್ನು ಮುಟ್ಟಬಾರದು ಎಂದಿದೆ. ಪ್ರಯಾಣಿಕರನ್ನು ಮುಟ್ಟಬಾರದು ಎಂದಿಲ್ಲ.

ಚಿಮಟ ತೆಗೆದುಕೊಂಡೆ. ಮುದುಕಿಯನ್ನು ಹಿಡಿದು ಮೆಲ್ಲಗೆ ಎಬ್ಬಿಸಿದೆ. ಹುಲ್ಲಿನಂತೆ ಕಾಣಲೆಂದು ಉದುರಿಸಿದ್ದ ಹಸಿರು ಹೊಟ್ಟು ಒಂದಿಷ್ಟು ಕಾಲಿಗೆ ಅಂಟಿಕೊಂಡೇ ಬಂದಳು. ಗಾಡಿಯ ಕೊನೆಗೆ ಕಲ್ಲು ಸಾಗಿಸುವ ತೆರೆದ ವ್ಯಾಗನ್ ಇತ್ತು, ಅದರಲ್ಲಿ ಇಳಿಸಿದೆ.

ಪ್ರಯಾಣಿಕರನ್ನು ಗೂಡ್ಸ್ ವ್ಯಾಗನ್ನಿನಲ್ಲಿ ಕೂರಿಸುವುದು ಸರಿಯಲ್ಲ. ಅದು ನನ್ನ ಗಮನದಲ್ಲಿದೆ.

"ಬಾಗೇವಾಡಿ, ಲೈನ್ ಕ್ಲಿಯರ್ ಕೊಡ್ರಿ," ಎಂದರು ಭೀಮಣ್ಣನವರು.

"ಕೊಟ್ಟೇನ್ರಿ," ಎಂದರು ವತ್ಸಲಾಬಾಯಿ.

ಸಿಗ್ನಲ್ಲಿನ ಕೈ ಇಳಿಯಿತು. ಅಭ್ಯಾಸಬಲದಿಂದ ಅವರ ಬಾಯಲ್ಲಿ "ರೈಟ್... ರೈಟ್" ಎಂದೂ ಬಂತು. ಸ್ಟೇಶನ್ ಮಾಸ್ತರು ಹಾಗೆ ಹೇಳುವುದಿಲ್ಲ. ನಾನು ತಿದ್ದಲಿಲ್ಲ.

ಗಾಡಿ ತಡವಾಗಿ ಬಾಗೇವಾಡಿಗೆ ಬಂತು, ಇನ್ನೂ ತಡವಾಗಿ ಆಲಮಟ್ಟಿ ಮುಟ್ಟಿತು. ಯಾರೂ ಹೇಳದೆಯೇ ಭೀಮಣ್ಣನವರು ಎದ್ದು ಕೌದಿ ಹಾಸತೊಡಗಿದರು.

ಒಪ್ಪಿದ್ದು 'ವೇಳಾಪಟ್ಟಿಯಂತೆ' ಎಂದು. ವೇಳಾಪಟ್ಟಿ ಬರೆಯುವವನೂ ನಾನೇ. ಜೇಬಿನಿಂದ ಪೆನ್ನು ತೆಗೆದು, ಸಿಂದಗಿಯ ನಿಲುಗಡೆಯ ಎದುರು ಇದ್ದ ವೇಳೆಯನ್ನು ಹೊಡೆದುಹಾಕಿ, 'ಹತ್ತುವವರು ಹತ್ತಿ ಮುಗಿಯುವವರೆಗೆ' ಎಂದು ಬರೆದೆ.

ತಿದ್ದಿದ ಪಟ್ಟಿಯ ಪ್ರಕಾರ ಗಾಡಿ ಸರಿಯಾದ ವೇಳೆಗೇ ಹೊರಟಿತ್ತು.

ವತ್ಸಲಾಬಾಯಿ ಕೌದಿಯನ್ನು ಮಡಿಚಿ ಮೂಲೆಗಿಟ್ಟರು. "ಹಂಗಾರ ನಾ ಮುದ್ದೇಬಿಹಾಳದ ಹಲಗಿ ಕೊಯ್ಸತೇನ್ರಿ," ಎಂದರು ಸಂಗಪ್ಪ. ನಾನು ಪೆನ್ನನ್ನು ಜೇಬಿಗೆ ಹಾಕಿಕೊಂಡೆ, ಅವರು ಅದನ್ನು ಒಪ್ಪಿಗೆಯೆಂದೇ ತಿಳಿದರು.

ರೈಲು ಬಾರದ ಊರಿನವರು ಯಾರಾದರೂ ಇದನ್ನು ಓದುತ್ತಿದ್ದರೆ ತಿಳಿಸಿ: ಮೊದಲ ಗಾಡಿ ಬಂದ ದಿನ ನೀವು ಯಾರಿಗಾಗಿ ಸಿಗ್ನಲ್ ತಡೆಯುತ್ತೀರಿ?

ಇಂಡಿ, ೧೨ ಜನವರಿ ೨೦೨೫, ಭಾನುವಾರ, ಸಂಜೆ ೬ ಗಂಟೆ ೨೦ ನಿಮಿಷ.