ಕೊಪ್ಪರಿಗೆಗೆ ಬಳಿದ ಸೀಸ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಹೆಗ್ಗದ್ದೆ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ಹಾಜರಿ, ಲೆಕ್ಕ ಬರೆಯುವ ರೈಟರ್ ಆಗಿದ್ದೆ. ಹಣ್ಣು ಕೊಯ್ಯುವ ಕಾಲದಲ್ಲಿ ಲೈನ್‌ಮನೆಗಳಲ್ಲಿದ್ದ ಆಳುಗಳ ಮಧ್ಯಾಹ್ನದ ಸಾರು ದೊಡ್ಡದೊಂದು ತಾಮ್ರದ ಕೊಪ್ಪರಿಗೆಯಲ್ಲಿ ಬೇಯುತ್ತಿತ್ತು. ಒಳಗಿನ ತವರದ ಕಲಾಯಿ ಸವೆದು ತಾಮ್ರ ಕಾಣತೊಡಗಿದಾಗ ಸಾಹುಕಾರರು ಕಲಾಯಿಯವನನ್ನು ಕರೆಸಿದರು.

ಅವನು ಸ್ಟೋರಿನ ಮುಂದೆ ಗುಂಡಿ ತೋಡಿ, ಕೆಂಡ ಮಾಡಿ, ಮೊದಲು ಸಾಹುಕಾರರ ಬಂಗಲೆಯ ಪಾತ್ರೆಗಳನ್ನು ಹಿಡಿದ. ತಂದಿದ್ದ ತವರವೆಲ್ಲ ಅವಕ್ಕೇ ಮುಗಿಯಿತು. ಸಾಹುಕಾರರು ಸ್ಟೋರಿನಿಂದ ಬೆಸುಗೆ ಕಡ್ಡಿಗಳನ್ನು ತರಿಸಿದರು. ಔಷಧಿ ಹೊಡೆಯುವ ಡಬ್ಬ, ಸೀಮೆಎಣ್ಣೆ ಡ್ರಮ್ಮು ಸೋರಿದರೆ ತೂತು ಮುಚ್ಚಲು ಇಟ್ಟಿದ್ದ ಕಡ್ಡಿಗಳು ಅವು. ತವರಕ್ಕಿಂತ ಸೀಸವೇ ಹೆಚ್ಚು.

“ಕೊಪ್ಪರಿಗೆಗೆ ಇದ್ನೇ ಬಳಿ” ಎಂದರು.

“ಇದು ಡಬ್ಬ ಬೆಸೆಯಕ್ಕೆ ಸರಿ ಬುದ್ಧಿ, ಉಣ್ಣೋ ಪಾತ್ರೆಗೆ ಬ್ಯಾಡ. ಹುಳಿ ತಾಗಿದ್ರೆ ಸೀಸ ಬುಡ್ತದೆ, ವಿಷ.”

“ಹೊಳುದ್ರೆ ಸಾಕು ಕಣೋ. ಲೈನಿನೋರಿಗೆ ಅದೆಲ್ಲ ಏನ್ ಗೊತ್ತಾಯ್ತದೆ?”

ಕಲಾಯಿಯವನು ನನ್ನ ಮುಖ ನೋಡಿದ. ನಾನು ಹಾಜರಿ ಪುಸ್ತಕದೊಳಗೆ ತಲೆ ಹುದುಗಿಸಿದೆ. ಅವನು ನವಸಾಗರದ ಪುಡಿ ಎರಚಿ, ಹೊಗೆಯಲ್ಲಿ ಕಡ್ಡಿ ತಿಕ್ಕಿ ಕೆಲಸ ಮುಗಿಸಿದ.

ನಾಲ್ಕು ದಿನ ಆ ಕೊಪ್ಪರಿಗೆಯಲ್ಲಿ ಹುಣಸೆಹುಳಿಯ ಸಾರು ಕುದಿಯಿತು. ಲೈನಿನ ಮಕ್ಕಳೂ ತಟ್ಟೆ ಹಿಡಿದು ಬರುತ್ತಿದ್ದರು. ನಾನು ಮನೆಯಿಂದ ತಂದ ಬುತ್ತಿ ಬಿಚ್ಚಿ ಉಣ್ಣುತ್ತಿದ್ದೆ.

ಐದನೆಯ ದಿನ ಬೆಳಿಗ್ಗೆ ಅಡುಗೆಯ ಹೆಂಗಸು ಕೊಪ್ಪರಿಗೆ ಒರೆಸಿದ ಬಟ್ಟೆಯನ್ನು ನನ್ನ ಮೇಜಿನ ಮೇಲೆ ಎಸೆದಳು. ಅದರ ತುಂಬ ಮಸಿಯಂಥ ಬೂದು ಜಿಡ್ಡು.

“ಎಷ್ಟು ತೊಳುದ್ರೂ ಹಿಂಗೇ ಬತ್ತೈತೆ. ಏನ್ ಬಳ್ದವ್ರೆ ರೈಟ್ರೇ?”

ಹೇಳಿದೆ. ಅವಳು ಕೇಳಿದ್ದು ಒಂದೇ ಮಾತು: “ನೋಡ್ಕಂಡೂ ಸುಮ್ನಿದ್ರಾ?” ಬಾಗಿಲಾಚೆ ಉಗುಳಿ ಹೋದಳು.

ಸುದ್ದಿ ಲೈನಿಗೆಲ್ಲ ಹಬ್ಬಿ ಆವತ್ತು ಯಾರೂ ತೋಟಕ್ಕಿಳಿಯಲಿಲ್ಲ. ಕೊಪ್ಪರಿಗೆಯನ್ನು ಉರುಳಿಸಿಕೊಂಡು ಹೋಗಿ ಬಂಗಲೆಯ ಮೆಟ್ಟಿಲಿನ ಮೇಲೆ ಬೋರಲು ಹಾಕಿದರು. ಹಣ್ಣು ಉದುರಿಹೋಗುವ ಭಯಕ್ಕೆ ಸಾಹುಕಾರರು ಸಂಜೆಯೊಳಗೆ ಸಕಲೇಶಪುರದಿಂದ ಹೊಸ ಅಲ್ಯೂಮಿನಿಯಂ ಪಾತ್ರೆ ತರಿಸಿದರು. “ನೀನ್ಯಾಕ್ ಬಾಯ್ಬಿಟ್ಟೆ ಮಾರಾಯ?” ಎಂದು ನನ್ನನ್ನು ಗದರಿದ್ದು ಬಿಟ್ಟರೆ ಆ ವಿಷಯವನ್ನೇ ಎತ್ತಲಿಲ್ಲ.

ಕೊಯ್ಲು ಮುಗಿಯುತ್ತಲೇ ನಾನು ಕೆಲಸ ಬಿಟ್ಟೆ. ಸಾಹುಕಾರರ ಮೇಲಿನ ಹೇಸಿಗೆಯಿಂದ ಎಂದು ಊರಿನಲ್ಲಿ ಹೇಳಿಕೊಂಡೆ. ಅರ್ಧ ಸುಳ್ಳು. ಲೈನಿನ ಮುಂದೆ ಹಾಯುವಾಗ ಆ ಮಕ್ಕಳು ಎಂದಿನಂತೆ “ರೈಟ್ರೇ” ಎಂದು ಕೈಬೀಸುತ್ತಿದ್ದರು. ನನಗೆ ನನ್ನ ಮೇಲೆಯೇ ಹೇಸಿಗೆಯಾಗುತ್ತಿತ್ತು.