ಇನ್ಕ್ಯುಬೇಟರಿಗೆ ಹಾಕಿದ ಲೋಬಾನ

ಎಂಬತ್ತರ ದಶಕದ ಕೊನೆಯ ಹೊತ್ತಿಗೆ ನಾನು ಬಳ್ಳಾರಿಯ ಒಂದು ಸಣ್ಣ ಪ್ರಯೋಗಾಲಯದಲ್ಲಿ ಟೆಕ್ನಿಷಿಯನ್ ಆಗಿದ್ದೆ. ಗಾಜಿನ ತಟ್ಟೆಯಲ್ಲಿ ಮೇಕೆಯ ಭ್ರೂಣ ಬೆಳೆಸುವುದು ಸರ್ಕಾರ ಕೊಟ್ಟ ಕೆಲಸ. ಎಲ್ಲರ ದನಿ ಅಣಕಿಸುವುದು ನಾನೇ ಹಚ್ಚಿಕೊಂಡದ್ದು, ಅದಕ್ಕೆ ಸಂಬಳವಿರಲಿಲ್ಲ.

ಭಾನುವಾರ ಬೆಳಿಗ್ಗೆ ಕೌಲ್ ಬಜಾರಿಗೆ ಹೋಗಿ, ಕಡಿದ ಮೇಕೆಗಳ ಅಂಡಾಶಯಗಳನ್ನು ಬೆಚ್ಚನೆಯ ಉಪ್ಪುನೀರಿದ್ದ ಥರ್ಮಾಸ್ ಫ್ಲಾಸ್ಕಿನಲ್ಲಿ ಹಾಕಿಕೊಂಡು ಬರುತ್ತಿದ್ದೆ.

“ಊರ ಮಂದಿ ಖೀಮಾ ಒಯ್ತಾರ, ನೀ ಯಾರಿಗೂ ಬ್ಯಾಡಾದ್ದು ಒಯ್ತಿ. ಫ್ಲಾಸ್ಕ್ ನೋಡಿ ಮಂದಿ ಏನಂತಾರಲೇ?” ಎಂದು ಮಾಂಸದಂಗಡಿಯ ಮುದುಕರು ಕೇಳುತ್ತಿದ್ದರು.

“ಚಾ ಅಂತ ತಿಳ್ಕೊಂಡಾರ ಚಾಚಾ. ಯಾರೂ ಕೇಳಿ ಕುಡ್ದಿಲ್ಲ, ಅದೇ ಪುಣ್ಯ.”

ಅಂದೇ ಅಂಡಾಣು ತೆಗೆದು ಇನ್ಕ್ಯುಬೇಟರಿನಲ್ಲಿಡುವುದು, ಸೋಮವಾರ ವೀರ್ಯ ಸೇರಿಸಿ ಮತ್ತೆ ಒಳಗಿಡುವುದು. ಎರಡು ಕೋಶವಾಗುತ್ತಿತ್ತು, ನಾಲ್ಕಾಗುತ್ತಿತ್ತು, ಅಲ್ಲಿಗೆ ಸತ್ತುಹೋಗುತ್ತಿತ್ತು. ವಾರವಾರವೂ ಇದೇ ಕಥೆ. ಯುಗಾದಿಯೊಳಗೆ ಒಂದು ಭ್ರೂಣವಾದರೂ ಮುಂದಿನ ಹಂತ ಮುಟ್ಟದಿದ್ದರೆ ಯಂತ್ರ ವಾಪಸ್, ಕೆಲಸ ಬಂದ್ ಎಂದು ಮೇಲಿನಿಂದ ಕಾಗದ ಬಂದಿತ್ತು. ಮೈಸೂರು ಕಡೆಯ ನಮ್ಮ ಡಾಕ್ಟರು ಆ ಯಂತ್ರಕ್ಕಾಗಿ ನಾಲ್ಕು ವರ್ಷ ಅರ್ಜಿ ಬರೆದಿದ್ದವರು.

ಅವರು ಮೊದಲು ಮೇಕೆಗಳ ಮೇಲೆ ಅನುಮಾನಪಟ್ಟರು. ಮುದಿ ಮೇಕೆ ಬೇಡ, ಸಿರುಗುಪ್ಪದ ಕಡೆಯಿಂದ ಬಂದ, ಮೈತುಂಬಿದ ಹರೆಯದವೇ ಆಗಬೇಕು ಎಂದರು. ಆಮೇಲೆ ಫ್ಲಾಸ್ಕಿನ ಶಾಖ ಅಳೆದರು. ತಡವಾಗುತ್ತಿದೆಯೆಂದು ನನ್ನ ಸೈಕಲ್ಲಿಗೆ ಎಣ್ಣೆ ಹಾಕಿಸಿದರು. ನೀರನ್ನು ಎರಡೆರಡು ಸಲ ಭಟ್ಟಿ ಇಳಿಸಿದೆವು. ಭ್ರೂಣ ನಾಲ್ಕು ಕೋಶ ದಾಟಲಿಲ್ಲ.

ಕೊನೆಗೆ ಉಳಿದದ್ದು ಅಟೆಂಡರ್ ಅಜ್ಜ. ಕುರುಗೋಡಿನವರು. ಪ್ರತಿ ಸೋಮವಾರ ಇನ್ಕ್ಯುಬೇಟರಿಗೆ ಮೂರೆಳೆ ವಿಭೂತಿ ಹಚ್ಚಿ, ಬಾಗಿಲು ತೆಗೆದು ಒಳಗೆಲ್ಲ ಲೋಬಾನದ ಹೊಗೆ ಹಾಯಿಸುತ್ತಿದ್ದರು. “ಜೀವ ಕಾಯೋ ಪೆಟ್ಟಿಗಿ ಐತ್ರೀ ಇದು. ಹಂಗ ಬಿಟ್ರ ನಡಿತೈತೇನು?” ಡಾಕ್ಟರೂ ಕೈಮುಗಿದು ನಿಲ್ಲುತ್ತಿದ್ದರು. ಈಗ ಆ ಹೊಗೆಯ ಮೇಲೂ ಅನುಮಾನ ಬಂತು. ಹೇಳಿದರೆ ಅಜ್ಜ ನೊಂದಾರೆಂದು, ಒಂದು ವಾರ ರಜೆ ಕೊಟ್ಟು ಊರಿಗೆ ಕಳಿಸಿದರು.

ಆ ವಾರವೂ ಭ್ರೂಣಗಳು ಸತ್ತವು. “ಹೊಗೆಯದ್ದಲ್ಲ. ಮಿಷಿನ್ನೇ ಸರಿಯಿಲ್ಲ” ಎಂದು ಡಾಕ್ಟರು ವಾಪಸ್ ಕಳಿಸುವ ಕಾಗದ ಬರೆಯಲು ಕೂತರು.

ನಾನು ಅವರ ಮೇಜಿನ ಮುಂದೆ ಹೋಗಿ ನಿಂತೆ. ಅಜ್ಜ ರಜೆಯಲ್ಲಿದ್ದ ಸೋಮವಾರ ಡಾಕ್ಟರು ಸಿರುಗುಪ್ಪಕ್ಕೆ ಹೋಗಿದ್ದಾಗ, ಕಸ ಗುಡಿಸುವ ಅಕ್ಕನನ್ನು ನಗಿಸಲು ನಾನು ಅಜ್ಜನ ಪೂಜೆಯನ್ನು ಮಾಡಿ ತೋರಿಸಿದ್ದೆ. ಬೆನ್ನು ಬಾಗಿಸಿ, ಕೆಮ್ಮಿ, ವಿಭೂತಿ ಹಚ್ಚಿ. ನಿಜವಾದ ಲೋಬಾನ ಇಲ್ಲದೆ ಅಣಕ ಪೂರ್ತಿಯಾಗುವುದಿಲ್ಲವೆಂಬುದು ನನ್ನ ಕಲೆಯ ಗರ್ವ.

“ಸಾರ್, ಆ ಸೋಮವಾರನೂ ಹೊಗಿ ಹಾಕಿದ್ದೈತ್ರಿ.”

“ಯಾರಯ್ಯ ಹಾಕಿದ್ದು? ಅಜ್ಜ ಊರಲ್ಲಿದ್ರಲ್ಲ?”

“ಅಜ್ಜ ಇದ್ದಿಲ್ರಿ. ಅಜ್ಜ ನಾನಾಗಿದ್ದೆ.”

“ಏನು ಮಾಡಿದೆಯೋ ಹಾಗೇ ಮಾಡಿ ತೋರಿಸು” ಎಂದರು. ಬರಿಗೈಯಲ್ಲಿ ಮಾಡಿದೆ. ಜೀವನದಲ್ಲಿ ಒಬ್ಬರೂ ನಗದ ನನ್ನ ಆಟ ಅದೊಂದೇ. ಬಾಗಿಲು ತೆಗೆದು ಧೂಪದ ಕೈ ಒಳಗೆ ಚಾಚುವ ಹೊತ್ತಿಗೆ ಅವರು “ಸಾಕು” ಎಂದು, ಬರೆದಿದ್ದ ಕಾಗದವನ್ನು ಡ್ರಾಯರಿಗೆ ತಳ್ಳಿದರು. ಹರಿಯಲಿಲ್ಲ.

ಅಜ್ಜ ಬಂದಮೇಲೆ ವಿಷಯ ಹೇಳಬೇಕಾಯಿತು. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ನನ್ನಂಗ ಕೆಮ್ಮಿದೇನಲೇ ಹಲ್ಕಾ? ಪೂಜಿ ಆದ್ರೂ ಸರಿ ಮಾಡಿದ್ಯಾ?” ಆಮೇಲೆ ಲೋಬಾನದ ಬಟ್ಟಲನ್ನು ಅಂಗಳದ ಬೇವಿನ ಮರದ ಕೆಳಗೆ ಒಯ್ದರು. ಇನ್ಕ್ಯುಬೇಟರಿಗೆ ವಿಭೂತಿ ಮಾತ್ರ ಉಳಿಯಿತು.

ಮೂರನೆಯ ವಾರ ಒಂದು ಭ್ರೂಣ ನಾಲ್ಕು ದಾಟಿತು, ಎಂಟಾಯಿತು, ಆಮೇಲೆ ಎಣಿಸಲು ಬಾರದಷ್ಟಾಯಿತು. ಡಾಕ್ಟರು ಎದ್ದು ಅಜ್ಜನನ್ನು ಮೈಕ್ರೋಸ್ಕೋಪಿನ ಮುಂದೆ ಕೂರಿಸಿದರು.

“ಬೂಂದಿ ಲಾಡು ಇದ್ದಂಗೈತಲ್ರೀ!” ಎಂದರು ಅಜ್ಜ.

ಡ್ರಾಯರಿನ ಕಾಗದ ಆ ದಿನ ಹರಿಯಿತು. ಅದರ ತುಂಡೊಂದರ ಹಿಂಬದಿಯಲ್ಲಿ ಡಾಕ್ಟರು ಕೈಯಾರೆ ಬರೆದು ಬಾಗಿಲಿಗೆ ಅಂಟಿಸಿದರು: ಒಳಗೆ ಹೊಗೆ ಮತ್ತು ಅಣಕ ಎರಡೂ ಕೂಡದು. ಅದನ್ನು ಅವರದೇ ದನಿಯಲ್ಲಿ ಓದಿ ತೋರಿಸಲು ನಾನು ಬೇವಿನ ಮರದವರೆಗೆ ಹೋಗಬೇಕಾಗುತ್ತಿತ್ತು.